ಇನ್ನು ಪೆಟ್ರೋಲ್ ಸೋಸಬೇಡ

ಜಿನಮತಿ ಅಕ್ಕಾ,

ನನ್ನ ಹಳೆಯ ರೇಸ್ ಮೋಟಾರು ಕಾರು ದುರಸ್ತಾಯಿತು. ಈಗಷ್ಟೇ ದಂಡಿನ ಕ್ಯಾಂಪ್ ಸುತ್ತಿ ಬಂದೆ, ಒಮ್ಮೆಯೂ ಕೆಮ್ಮಲಿಲ್ಲ.

ಕಿಟಕಿಯಲ್ಲಿಟ್ಟ ಬಾಟಲಿ ನೋಡು, ಚೆಲ್ಲಬೇಡ. ಮೇಲಿರುವುದು ಪೆಟ್ರೋಲ್, ತಳದಲ್ಲಿ ನಿಂತದ್ದು ನೀರು. ಎರಡೂ ಮೋಟಾರಿನ ಟಾಕಿಯಿಂದ ಬಂದವು. ಕುಡಿಯುವ ನೀರು ಸೋಸಿದಂತೆ ನನ್ನ ಪೆಟ್ರೋಲನ್ನೂ ಹಸಿ ಅರಿವೆಯಲ್ಲಿ ಸೋಸುತ್ತಿದ್ದೆಯಲ್ಲ, ನಿನ್ನೆ ಕಣ್ಣಾರೆ ಕಂಡೆ. ಕೇಳಿದರೆ "ಹುಳ ಇದ್ರ ಪಾಪ, ಸುಟ್ಟು ಸಾಯ್ತಾವಲ್ಲೋ" ಅಂದಿ. ಪೆಟ್ರೋಲಿನಲ್ಲಿ ಯಾವ ಹುಳ ಬದುಕುತ್ತದೆ? ಆ ಹಸಿ ಅರಿವೆಯ ನೀರೇ ಟಾಕಿಗಿಳಿದು ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ನಾನು ತಿಂಗಳಿಡೀ ಎಂಜಿನ್ ಬಿಚ್ಚಿ ಬಿಚ್ಚಿ ಬೆರಳು ಸುಲಿದುಕೊಂಡೆ. ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಅಪ್ಪನೆದುರು ನಿನ್ನ ಹೆಸರು ಎತ್ತುವುದಿಲ್ಲ.

ಅಪ್ಪ ಖಾನಾಪುರಕ್ಕೆ ಹೋದದ್ದು ಈ ಮೋಟಾರನ್ನು ಕಟ್ಟಿಗೆ ವ್ಯಾಪಾರಿ ಗುರುಪುತ್ರಪ್ಪನಿಗೆ ಮಾರಲು. ಅವನು ಎಂಜಿನ್ ಕಿತ್ತು ಗರಗಸಕ್ಕೆ ಜೋಡಿಸುತ್ತಾನಂತೆ. "ಸಾಲೀನೂ ಬಿಟ್ಟಿ, ಮೋಟಾರೂ ಕೆಡಿಸಿದಿ" ಎಂದು ಅಪ್ಪ ಓಣಿಗೆಲ್ಲ ಕೇಳುವಂತೆ ಬೈದು ರೈಲು ಹಿಡಿದರು. ನಾನು ಅದೇ ಮೋಟಾರಿನಲ್ಲಿ ಅಲ್ಲಿಗೇ ಹೊರಟೆ. ಮಾತು ಮುಗಿಯುವ ಮೊದಲೇ ಗುರುಪುತ್ರಪ್ಪನ ಅಂಗಳದಲ್ಲಿ ತಂದು ನಿಲ್ಲಿಸುತ್ತೇನೆ. ಓಡುವ ಮೋಟಾರನ್ನು ಅಪ್ಪ ಕೊಯ್ಯಲು ಕೊಡುವುದಿಲ್ಲ, ನನಗೆ ಗೊತ್ತು.

ಉಳಿದ ಪೆಟ್ರೋಲ್ ಡಬ್ಬಿಗಳನ್ನು ಮುಟ್ಟಬೇಡ. ಆ ಅರಿವೆಯನ್ನು ಒಲೆಯ ಹತ್ತಿರ ಒಣಗಿಸಬೇಡ, ಭಗ್ಗನೆ ಹತ್ತುತ್ತದೆ.

ರೈಲಿಗೆ ಬಂದರೆ ಕತ್ತಲಾಗುತ್ತದೆ, ಹೊತ್ತು ಮುಳುಗಿದ ಮೇಲೆ ಉಣ್ಣದ ಅಪ್ಪ ಇವತ್ತು ಉಪವಾಸವೇ ಎಂದು ಅವ್ವ ಅವರ ರೊಟ್ಟಿ ಬಡಿಯದೆ ಬಿಟ್ಟಾಳು. ಬಡಿಯಲು ಹೇಳು. ಹೊತ್ತು ಮುಳುಗುವ ಮೊದಲೇ ಅಪ್ಪನನ್ನು ಬಾಜೂ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತೇನೆ.

ಪಾಯಪ್ಪ