ಸೂಜಿ ಹತ್ತು ಗಂಟೆಗೆ, ಮೆಷಿನ್ ಮೂರು ಗಂಟೆಗೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯಲ್ಲಿ ನನ್ನ ಬಲಭುಜದ ಕೀಲಿಗೆ ಎರಡು ಸಲ ಡೈ ಚುಚ್ಚಿದ್ದಾರೆ. ಎರಡು ಸಲವೂ ಅದು ಕರಗಿಹೋದ ಮೇಲೆ ಎಂ.ಆರ್.ಐ. ತೆಗೆದಿದ್ದಾರೆ. ಮೂರನೆಯ ಸಲಕ್ಕೆ ಐದು ತಿಂಗಳ ಆಚೆಯ ತಾರೀಖು ಕೊಟ್ಟಿದ್ದಾರೆ. ಅಷ್ಟು ದಿನ ನನ್ನ ಕೈ ಕಾಯುವುದಿಲ್ಲ. ಮರಾಠಿಯಲ್ಲಿ ಎರಡು ಅರ್ಜಿ ಕೊಟ್ಟೆ, ಮಗಳು ನಿಶಾ ಇಂಗ್ಲಿಷಿನಲ್ಲಿ ಒಂದು ಬರೆದುಕೊಟ್ಟಳು. ಮೂರಕ್ಕೂ ಠಸ್ಸೆ ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಹೇಗೂ ಯಾರೂ ಓದುವುದಿಲ್ಲ ಎಂದಮೇಲೆ ನನ್ನ ಭಾಷೆಯಲ್ಲೇ ಬರೆದರೆ ಮನಸ್ಸಾದರೂ ಹಗುರಾದೀತು ಎಂದು ಈ ಕನ್ನಡ ಪತ್ರಿಕೆಗೆ ಬರೆಯುತ್ತಿದ್ದೇನೆ.

ಮುಂಬಯಿಯ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು ನಾನು. ಕಳೆದ ವರ್ಷ ಹಿಟ್ಟಿನ ಪಾತ್ರೆ ಎತ್ತುವಾಗ ಭುಜದೊಳಗೆ ಏನೋ ಕಿತ್ತುಹೋಯಿತು. ಅಂದಿನಿಂದ ಸೌಟು ಎತ್ತಲಾರೆ, ತಲೆ ಬಾಚಲಾರೆ. ಅಂಗಿಯ ತೋಳಿಗೆ ಕೈ ತೂರಿಸಲೂ ಹೆಂಡತಿ ವಾರಿಜಾ ಬೇಕು. ಬರೀ ಎಂ.ಆರ್.ಐ.ಯಲ್ಲಿ ಏನೂ ಸ್ಪಷ್ಟವಾಗದಿದ್ದಾಗ ನಿಮ್ಮ ಸರ್ಜನ್ ತಾಳ್ಮೆಯಿಂದ ವಿವರಿಸಿದರು: ಕೀಲಿನೊಳಗೆ ಡೈ, ಅಂದರೆ ಚಿತ್ರದಲ್ಲಿ ಎದ್ದು ಕಾಣುವ ದ್ರವ, ತುಂಬಿಸಿ ಕೂಡಲೇ ಎಂ.ಆರ್.ಐ. ತೆಗೆದರೆ ಅದು ಸೋರುವ ಜಾಗದಲ್ಲಿ ಹರಿದಿದೆ ಎಂದು ಗೊತ್ತಾಗುತ್ತದೆ. ಮುಕ್ಕಾಲು ಗಂಟೆ ದಾಟಿದರೆ ಡೈಯನ್ನು ಮೈ ಹೀರಿಬಿಡುತ್ತದೆ. ಆ ಚಿತ್ರವಿಲ್ಲದೆ ಆಪರೇಶನ್ ಮಾಡಲಾರೆ ಎಂದರು. ಬೇಗ ಹೊಲಿದರೆ ಕೈ ಉಳಿಯುತ್ತದೆ, ತಡವಾದರೆ ಹೊಲಿಯಲು ಏನೂ ಸಿಗುವುದಿಲ್ಲ ಎಂದೂ ಹೇಳಿದರು.

ಆದರೆ ಸೂಜಿ ಚುಚ್ಚುವುದು ಹಳೇ ಬಿಲ್ಡಿಂಗಿನ ಎಕ್ಸ್‌ರೇ ಕೋಣೆಯಲ್ಲಿ, ಎಂ.ಆರ್.ಐ. ಇರುವುದು ಹೊಸ ಬಿಲ್ಡಿಂಗಿನಲ್ಲಿ. ಅಲ್ಲಿಯ ನಂಬರು ಇಲ್ಲಿಯವರಿಗೆ ಗೊತ್ತಿಲ್ಲ, ಇಲ್ಲಿಯ ಸೂಜಿ ಅಲ್ಲಿಯವರಿಗೆ ಸಂಬಂಧವಿಲ್ಲ. ಮೊದಲ ಸಲ ನನಗೆ ಸೂಜಿ ಹತ್ತು ಗಂಟೆಗೆ, ಮೆಷಿನ್ ಮೂರು ಗಂಟೆಗೆ. ಕಾವಲಿಗೆ ಹಿಟ್ಟು ಹೊಯ್ದು, ಮಗುಚುವವನು ಮಧ್ಯಾಹ್ನ ಬರಲಿ ಎಂದು ನಮ್ಮ ಹೋಟೆಲಿನಲ್ಲಿ ಯಾರೂ ಹೇಳುವುದಿಲ್ಲ, ಮಾನ್ಯರೇ. ನಾವು ಹೆಚ್ಚು ಓದಿದವರಲ್ಲ, ಅದಕ್ಕೇ ಇರಬೇಕು.

ಎರಡನೆಯ ಸಲದ ಕಥೆಯಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಡುವುದಿಲ್ಲ. ಸೂಜಿ ಹಾಕಿಸಿಕೊಂಡು ಹೊಸ ಬಿಲ್ಡಿಂಗಿಗೆ ಹೋದರೆ ಮೆಷಿನ್ ಖಾಲಿ ಇರಲಿಲ್ಲ, ಕಾಯಿರಿ ಎಂದರು. ಕಾಯುತ್ತಿದ್ದಂತೆ ಭುಜದ ನೋವು ಪೂರಾ ಮಾಯವಾಯಿತು! ಮೊದಲ ಸಲವೂ ಒಂದಿಷ್ಟು ಕಡಿಮೆಯಾಗಿತ್ತು, ಆದರೆ ಹೀಗಲ್ಲ. ಕೈ ಎತ್ತಿದೆ, ನೆತ್ತಿ ಮುಟ್ಟಿತು.

"ಏನ್ರೀ ಇದು, ಕೈ ಎತ್ತಿದ್ರಲ್ಲ! ನೋವುಂಟಾ?" ಎಂದಳು ವಾರಿಜಾ.

"ಎಂಥದೂ ಇಲ್ಲ ಮಾರಾಯ್ತಿ. ಗುಣ ಆಯ್ತು ಕಾಣ್ತದೆ."

ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ನಾನು ಚಹಾ ತರಲು ಕ್ಯಾಂಟೀನಿಗೆ ಹೋದೆ. ಅಲ್ಲಿ ಒಬ್ಬ ಹೆಂಗಸು ಕಾವಲಿಯ ಮುಂದೆ ಒದ್ದಾಡುತ್ತಿದ್ದಳು. ದೋಸೆ ಏಳುತ್ತಿರಲಿಲ್ಲ, ಎದ್ದರೆ ಹರಿಯುತ್ತಿತ್ತು. ಕಾವಲಿ ಅತಿಯಾಗಿ ಕಾದಿದೆ ಎಂದು ದೂರದಿಂದಲೇ ಗೊತ್ತಾಯಿತು. ವರ್ಷದಿಂದ ಸೌಟು ಹಿಡಿಯದ ಕೈ ನನ್ನದು, ತಡೆಯಲಾಗಲಿಲ್ಲ. "ಬಾಯಿ, ಜರಾ ಹಟೋ" ಎಂದು ಅವಳನ್ನು ಪಕ್ಕಕ್ಕೆ ಸರಿಯಹೇಳಿ, ನೀರು ಚಿಮುಕಿಸಿ, ಒರೆಸಿ, ಹೊಯ್ಯಲು ನಿಂತೆ. ಇಪ್ಪತ್ತು ದೋಸೆ ಹೊಯ್ದೆ. ಎಲ್ಲವೂ ತೆಳ್ಳಗೆ, ಒಂದೂ ಹರಿಯಲಿಲ್ಲ. ಈ ವರ್ಷದಲ್ಲಿ ನಾನು ಸಂತೋಷವಾಗಿದ್ದ ಹೊತ್ತು ಅದೊಂದೇ.

ಡೈ ಜೊತೆ ಮರಗಟ್ಟಿಸುವ ಔಷಧಿಯನ್ನೂ ಸೇರಿಸಿರುತ್ತಾರೆ, ಅದು ಗುಣವಲ್ಲ, ಕೆಲವು ಗಂಟೆಗಳ ಮರೆವು ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡೂವರೆಗೆ ಮೆಷಿನ್ನಿನೊಳಗೆ ಹಾಕಿ ತೆಗೆದ ಹುಡುಗಿ ಹೇಳಿದಳು: "ಕಾಕಾ, ಡೈ ತೋ ಗಯಾ. ಕುಛ್ ನಹೀಂ ದಿಖ್ತಾ." ಡೈ ಹೋಗಿಬಿಟ್ಟಿದೆ, ಏನೂ ಕಾಣುವುದಿಲ್ಲವಂತೆ. ಮನೆಯಿರುವ ಭಾಂಡುಪ್ ತಲುಪುವಷ್ಟರಲ್ಲಿ ಔಷಧಿ ಇಳಿದು, ಲೋಕಲ್ ರೈಲಿನ ಕಂಬಿ ಹಿಡಿಯಲಾಗಲಿಲ್ಲ. ಈಗ ಮೊದಲಿನಷ್ಟೂ ಕೈ ಏಳುವುದಿಲ್ಲ. ಹರಿದದ್ದು ಇನ್ನಷ್ಟು ಹರಿಯಿತೇ? ಚಿತ್ರವಿಲ್ಲದೆ ಹೇಳಲಾರೆ ಎನ್ನುತ್ತಾರೆ ಸರ್ಜನ್. ಆ ಇಪ್ಪತ್ತು ದೋಸೆ ನನ್ನ ತಪ್ಪು, ಒಪ್ಪಿದೆ. ಆದರೆ ನನ್ನನ್ನು ನಾಲ್ಕು ಗಂಟೆ ಕಾಯಿಸಿದ್ದು ಯಾರ ತಪ್ಪು? ಹೋಟೆಲಿನ ಧನಿಗಳು ಒಳ್ಳೆಯವರು, ಎಡಗೈಯಲ್ಲಿ ಚಟ್ನಿ ಬಡಿಸುವ ಕೆಲಸಕ್ಕೆ ಹಾಕಿದ್ದಾರೆ. ನನ್ನ ಕಾವಲಿಯ ಮುಂದೆ ಬೇರೊಬ್ಬ ನಿಂತಿರುವುದನ್ನು ದಿನವೂ ನೋಡುತ್ತೇನೆ. ನನಗೆ ಭಯವಾಗಿದೆ, ಮಾನ್ಯರೇ. ಬೇರೆ ಕೆಲಸ ನನಗೆ ಬರುವುದಿಲ್ಲ.

ಹೊಸ ಮೆಷಿನ್ ಕೇಳುತ್ತಿಲ್ಲ, ಹೊಸ ಬಿಲ್ಡಿಂಗೂ ಬೇಡ. ಈ ತಿಂಗಳೊಳಗೆ ನನಗೊಂದು ತಾರೀಖು ಕೊಡಿಸಿ. ಆ ದಿನ ಸೂಜಿ ಕೈಗೆತ್ತಿಕೊಳ್ಳುವ ಮೊದಲು ಹಳೇ ಬಿಲ್ಡಿಂಗಿನವರು ಹೊಸ ಬಿಲ್ಡಿಂಗಿಗೆ ಒಂದು ಫೋನ್ ಮಾಡಿ, ಮೆಷಿನ್ ಖಾಲಿ ಇದೆಯೇ ಎಂದು ಕೇಳಲಿ. ಇಲ್ಲ ಎಂದರೆ ಚುಚ್ಚುವುದು ಬೇಡ. ಇನ್ನೊಮ್ಮೆ ಸುಮ್ಮನೆ ನೋವು ಮಾಯವಾಗುವುದನ್ನು ನಾನು ತಡೆದುಕೊಳ್ಳಲಾರೆ.

ಇಂತಿ,
ಎಡಗೈಯಲ್ಲಿ ಸಹಿ ಕಲಿಯುತ್ತಿರುವ
ಅಣ್ಣು, ಭಾಂಡುಪ್