ಅಜ್ಜಿ ಪಾತ್ರಕ್ಕೆ ನನಗೆ ವಯಸ್ಸಾಯಿತಂತೆ

ಭಾನುವಾರ, ಮಧ್ಯಾಹ್ನ

ನಿರ್ದೇಶಕರಿಗೆ,

ನಮಸ್ಕಾರ. ಬೇರೆ ಮನೆ ಮಾಡಿದ ಮೇಲೂ ನಿಮ್ಮನ್ನು 'ಇವರು' ಎನ್ನುವ ಅಭ್ಯಾಸ ಹೋಗಿರಲಿಲ್ಲ. ಮೊನ್ನೆಯಿಂದ ಅದೂ ಹೋಯಿತು.

ನಮ್ಮ ಹಳೆಯ ನಾಟಕವನ್ನು ಮತ್ತೆ ಆಡಿಸುತ್ತೀರಿ ಎಂದು ತಿಳಿದು, ಯಾರೂ ಕರೆಯದಿದ್ದರೂ ನಾನೇ ಬಂದೆ. ಅಜ್ಜಿಯ ಪಾತ್ರ ನನ್ನದೇ ಎಂಬ ಧೈರ್ಯ. ಆಫೀಸಿನ ಹೊರಗೆ, ಸ್ಪ್ರಿಂಗ್ ಎದ್ದ ಸೋಫಾದ ಮೇಲೆ, ಮಗಳಿಗಿಂತ ಚಿಕ್ಕವರ ಜೊತೆ ಕಾದು ಕೂತೆ. ಒಳಗೆ ಹೋದಾಗ ನಿರ್ಮಾಪಕರು ಬಹಳ ಮರ್ಯಾದೆಯಿಂದ ಎದ್ದು ನಿಂತರು. ಆಮೇಲೆ, "ಅಮ್ಮಾ, ತಪ್ಪು ತಿಳ್ಕೋಬೇಡಿ. ಅಜ್ಜಿ ಪಾತ್ರಕ್ಕೆ ನಿಮಗೆ ವಯಸ್ಸಾಯ್ತು" ಎಂದರು. ನಾನು ನಕ್ಕುಬಿಟ್ಟೆ. ನಾನು ಬರೆದ ಮಾತುಗಳಲ್ಲೂ ಇಷ್ಟು ಚೆನ್ನಾದದ್ದು ಒಂದಿಲ್ಲ. ನಿಮ್ಮ ಕಡೆ ನೋಡಿದರೆ ನೀವು ಕನ್ನಡಕ ಒರೆಸುತ್ತಾ ಕೂತಿದ್ದಿರಿ.

ಇಪ್ಪತ್ತಾರರ ಪ್ರಾಯದಲ್ಲಿ ಕೂದಲಿಗೆಲ್ಲ ಪೌಡರ್ ಬಳಿದುಕೊಂಡು ಆ ಅಜ್ಜಿಯಾದವಳು ನಾನು. ಈಗ ಪೌಡರಿನ ಖರ್ಚೂ ಉಳಿಯುತ್ತಿತ್ತು. ಅದೇ ನಾಟಕದಲ್ಲಿ ಕುಡುಕನ ಹೆಂಡತಿಯೂ ನಾನೇ, ಜೋರುಬಾಯಿಯ ನರ್ಸೂ ನಾನೇ. ಪರದೆಯ ಹಿಂದೆ ಓಡುತ್ತಲೇ ವೇಷ ಬದಲಿಸುತ್ತಿದ್ದೆ. ಬರೆದವಳೂ ನಾನೇ, ಒಲೆಯ ಪಕ್ಕ ನಿಂತು, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು. ಥಿಯೇಟರ್ ಮಾಲೀಕರು, "ಹೆಂಗಸು ಬರೆದಿದ್ದು ಅಂದ್ರೆ ಜನ ನಗಲ್ಲ" ಎಂದರು. ನೀವು, "ಒಂದ್ಸಲಕ್ಕೆ ನನ್ನ ಹೆಸರು ಹಾಕ್ಲಿ ಬಿಡು, ನಾವಿಬ್ರೂ ಬೇರೆನಾ" ಎಂದಿರಿ. ಆ ಒಂದು ಸಲ ಇನ್ನೂ ಮುಗಿದಿಲ್ಲ. ಜನ ನಿಮ್ಮನ್ನು ಮಹಾ ಹಾಸ್ಯ ಲೇಖಕ ಎಂದು ಹೊಗಳಿದಾಗಲೆಲ್ಲ ಪಕ್ಕದಲ್ಲಿ ನಿಂತು ನಾನೂ ಚಪ್ಪಾಳೆ ತಟ್ಟಿದ್ದೇನೆ.

ಇಷ್ಟಾದ ಮೇಲೂ ನಿನ್ನೆ ಆ ನಟನನ್ನು ನನ್ನ ಮನೆಗೆ ಕಳಿಸಿದಿರಿ. ನನ್ನ ಬದಲು ಅಜ್ಜಿಯಾಗುವ ಗಂಡಸು. "ಮೆಟ್ಟಿಲಲ್ಲಿ ಮುಗ್ಗರಿಸಿ, ಬೀಳ್ದೆ, ಏನೂ ಆಗ್ಲಿಲ್ಲ ಅನ್ನೋ ಹಾಗೆ ತಲೆ ಸವರ್ಕೊಳ್ಳೋದಿದ್ಯಲ್ಲ, ಅದನ್ನ ನಿಮ್ಮ ಹತ್ರಾನೇ ಕಲೀಬೇಕು ಅಂದ್ರು ಸರ್" ಎಂದ, ಬಾಗಿಲಲ್ಲೇ ನಿಂತು. ಕೇಳಲು ನಿಮಗೆ ಮುಖವಿರಲಿಲ್ಲ. ಅವನ ಮುಖ ಕಳಿಸಿದಿರಿ. ಆ ಅಜ್ಜಿ ಸತ್ತುಹೋದಳು ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಮಗಳು, "ಅಪ್ಪನ ಕೈಲೂ ಏನಿಲ್ಲ, ಬಿಡಮ್ಮ" ಎನ್ನುತ್ತಾಳೆ. ಇರಬಹುದು. ಬಾಯಿಯಾದರೂ ನಿಮ್ಮದೇ ಇತ್ತಲ್ಲ. 'ಇವಳೇ ಬರೆದದ್ದು' ಎಂಬ ಎರಡು ಶಬ್ದ ಸಾಕಿತ್ತು. ಪಾತ್ರ ಸಿಗದಿದ್ದರೂ ತಲೆಯೆತ್ತಿ ಮನೆಗೆ ಬರುತ್ತಿದ್ದೆ.

ಮೊದಲ ಪ್ರದರ್ಶನಕ್ಕೆ ನೀವು ಕಳಿಸಿದ ಟಿಕೆಟನ್ನು ಇದರ ಜೊತೆಗೇ ಇಟ್ಟಿದ್ದೇನೆ, ಬೇರೆ ಯಾರಿಗಾದರೂ ಕೊಡಿ. ಬಿಪಿ ಮಾತ್ರೆ ತಪ್ಪಿಸಬೇಡಿ.

ಇಂತಿ,
ನಿಮ್ಮ ನಾಟಕ ಬರೆದವಳು

ಮರೆತ ಮಾತು: ಬಾಗಿಲು ಹಾಕಿಕೊಂಡೆ ಎಂದದ್ದು ಸುಳ್ಳು. ಅವನನ್ನು ಒಳಗೆ ಕರೆದು ಕೂರಿಸಿದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಮಹಡಿಯ ಮೆಟ್ಟಿಲು ಹತ್ತಿ ನಾನೇ ಮಾಡಿ ತೋರಿಸಿದೆ. ಒಂದು ಚೂರೂ ತಪ್ಪಲಿಲ್ಲ. ಮುಗ್ಗರಿಸಿದ್ದೂ, ತಲೆ ಸವರಿಕೊಂಡದ್ದೂ ಎಲ್ಲ ಮೊದಲಿನ ಹಾಗೇ ಇತ್ತು. ಅವನು ನಗಲಿಲ್ಲ. ಓಡಿ ಬಂದು ನನ್ನ ತೋಳು ಹಿಡಿದುಕೊಂಡು, "ಪೆಟ್ಟಾಯ್ತಾ ಅಮ್ಮಾ" ಎಂದು ಕೇಳಿದ.