ಕರಡಿಯ ಕತೆಗೆ ‘ಉಹೂಂ’ ಎಂದ ಸುಬ್ಬಿ

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ಕರಡಿಯ ವಿಷಯದಲ್ಲಿ ತಪ್ಪು ಹೇಳಿದವರು ತಾವು. ಶಾಲೆಯ ಪಟ್ಟಿಯಿಂದ ಹೆಸರು ಕಳೆದುಕೊಂಡವಳು ದುಬಾರೆ ಕಡೆಯ ಜೇನುಕುರುಬರ ಹಾಡಿಯ ಎಂಟು ವರ್ಷದ ಸುಬ್ಬಿ. ಇದು ಯಾವ ನ್ಯಾಯ?

ಕಳೆದ ವಾರ ತನಿಖೆಗೆ ಬಂದ ತಾವು ಮಕ್ಕಳಿಗೊಂದು ನೀತಿಕತೆ ಹೇಳಿದಿರಿ. ನಾನು ಕಿಟಕಿಯಾಚೆ ನಿಂತಿದ್ದೆ. ತಮ್ಮ ಒಂದೊಂದು ಮಾತಿಗೂ ಸುಬ್ಬಿ “ಹೂಂ” ಎಂದಳು. ತಾವು ಹುಬ್ಬು ಗಂಟಿಕ್ಕಿದಿರಿ. ಜೇನುಹುಳು ಕಚ್ಚಿದ್ದೇ ತಡ ಕರಡಿ ಜೇನುತಟ್ಟಿಯನ್ನು ಬಿಟ್ಟು ಓಡಿತು, ಆದ್ದರಿಂದ ಅತಿಯಾಸೆ ಕೂಡದು ಎಂದಿರಿ. ಆಗ ಅವಳೆಂದಳು: “ಉಹೂಂ. ಕರಡಿ ಓಡಕಿಲ್ಲ ಅಯ್ಯಾ. ಮೂತಿ ಒರಸ್ಕೊಂಡು ತಿಂತದೆ.”

ಇಡೀ ತರಗತಿ ನಕ್ಕಿತು. ತಾವು ಮೇಷ್ಟರ ಕೈಯಿಂದ ಹಾಜರಿ ಪುಸ್ತಕ ಕಿತ್ತು, ‘ಉದ್ಧಟತನ’ ಎಂದು ಬರೆದು, ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿರಿ.

ಮಾನ್ಯರೇ, ಆ ಹಾಡಿಯಲ್ಲಿ ಕತೆಗೆ ಇಬ್ಬರು ಬೇಕು: ಹೇಳಲು ಒಬ್ಬರು ಹಿರಿಯರು, ಹೂಂಗುಟ್ಟಲು ಒಂದು ಮಗು. ಮಗು ಸುಮ್ಮನಾದರೆ ಕತೆ ನಿಲ್ಲುತ್ತದೆ. ‘ಉಹೂಂ’ ಎಂದರೆ ಹೇಳುವವರು ಹಿಂದಕ್ಕೆ ಹೋಗಿ ತಿದ್ದಿಕೊಳ್ಳಬೇಕು. ಕತೆಯಲ್ಲಿ ದಾರಿ ತಪ್ಪಿದವರು ನಾಳೆ ಕಾಡಿನಲ್ಲೂ ತಪ್ಪುತ್ತಾರಲ್ಲ! ಹಾಗೆ ತಿದ್ದಿದ ಮಗುವಿಗೆ ಜೇನುತಟ್ಟಿಯ ಮೊದಲ ತುಂಡು. ತಾವು ಕೊಟ್ಟದ್ದು ಕೆಂಪು ಶಾಯಿ. ‘ಹಿಂದುಳಿದವರನ್ನು ಮುಂದೆ ತರುತ್ತೇವೆ’ ಎಂಬ ತಮ್ಮ ಭಾಷಣ ಕೇಳಿದ್ದೇನೆ. ತಿದ್ದಿದ ಮಗುವಿಗೆ ಹೆದರುವ ತಾವು ಅವರನ್ನು ಎಲ್ಲಿಗೆ ಕರೆತರುತ್ತೀರಿ?

ಪ್ರಜೆಯೇ ಪ್ರಭುವೆಂದು ಕರಪತ್ರಗಳಲ್ಲಿ ಓದಿ ನಂಬಿದವನು ನಾನು. ‘ಸರ್ಕಾರ ನಿಮ್ಮ ಮಕ್ಕಳ ಮಾತು ಕೇಳುತ್ತದೆ’ ಎಂದು ದೊಡ್ಡಿ ಎಂಬ ಸುಬ್ಬಿಯ ಅಜ್ಜಿಗೆ ಮಾತು ಕೊಟ್ಟು, ಹುಡುಗಿಯನ್ನು ಶಾಲೆಗೆ ಸೇರಿಸಿದವನೂ ನಾನೇ. ಮೊನ್ನೆ ತಲೆ ತಗ್ಗಿಸಿಕೊಂಡು ಹಾಡಿಗೆ ಹೋದೆ. ದೊಡ್ಡಿ ಬೈಯಲಿಲ್ಲ, ನಕ್ಕಳು.

“ಹೂಂ ಅನ್ನೋ ಮಗೀನೇ ಓಡಿಸ್ಬುಟ್ರೆ ನಿಮ್ಮಯ್ಯ ಯಾರ್ಗೆ ಕತೆ ಹೇಳಾದು? ಗ್ವಾಡೆಗಾ?”

ಆದರೆ ಹಾಡಿಗೆ ಹಿರಿಯಳಾದ ಅವಳು ಉಳಿದ ಐದು ಮಕ್ಕಳನ್ನೂ ಶಾಲೆಗೆ ಕಳಿಸುತ್ತಿಲ್ಲ.

ಆದ್ದರಿಂದ ನನ್ನ ಆಗ್ರಹ: ಬರುವ ಸೋಮವಾರದೊಳಗೆ ಸುಬ್ಬಿಯ ಹೆಸರನ್ನು ತಾವೇ, ತಮ್ಮ ಕೈಯಿಂದಲೇ, ಮತ್ತೆ ಬರೆಯಬೇಕು. ಬಳಿಕ ಹಾಡಿಗೆ ಬಂದು, ನೆಲದ ಮೇಲೆ ಕುಳಿತು, ಸುಬ್ಬಿಯ ‘ಉಹೂಂ’ಗೆ ನಿಂತ ಆ ಕತೆಯನ್ನು ತಿದ್ದಿ ಮುಗಿಸಬೇಕು. ಸುಬ್ಬಿಗೆ ತಮ್ಮ ಮೇಲೆ ಸಿಟ್ಟಿಲ್ಲ. ಕೇಳಿದ್ದಕ್ಕೆ ಅಂದಳು:

“ಅಯ್ಯ ಬರ್ಲಿ, ಹೂಂ ಅಂತೀನಿ. ಕರಡಿ ಓಡ್ದೆ ಇದ್ರೆ.”

ಇಂತಿ,
ಅಂದು ಕಿಟಕಿಯಾಚೆ ನಿಂತೂ ‘ಉಹೂಂ’ ಎನ್ನಲು ಬಾಯಿ ಬಾರದೆ ಹೋದ
ಸಣ್ಣಸ್ವಾಮಿ,
ಶಿರಂಗಾಲ, ಕೊಡಗು ರಾಜ್ಯ, ೧೯೫೩